ಉಳಿಯೂ ಅದರ ಹಿಡಿಯೂ



ಬಡಗಿಯ ಉಳಿಯನ್ನು ಕುರಿತು ಭಾಷಣವೆಂದರೆ, ಅದರಲ್ಲಿ ಹೇಳತಕ್ಕದ್ದೇನಿದೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅದರಲ್ಲಿಯೂ ಪ್ಲಾಸ್ಟಿಕ್ ಹಿಡಿಯ ಹಳೆಯ ಉಳಿಯೆಂದರೆ, ಅದು ಗುಜರಿಯವನ ತಕ್ಕಡಿಗೆ ಬೀಳತಕ್ಕ ಪದಾರ್ಥವೆಂದೇ ಬಹುಮಂದಿಯ ಭಾವನೆ. ಕೆಲಕಾಲದ ಹಿಂದಿನವರೆಗೆ ನಮ್ಮ ಭಾವನೆಯೂ ಅದೇ ಆಗಿದ್ದಿತು. ಮರದ ಹಿಡಿಯ ಉಳಿ ನಮ್ಮ ನಾಡಿನದು, ನಂಬತಕ್ಕದ್ದು. ಪ್ಲಾಸ್ಟಿಕ್ ಹಿಡಿಯದು ಪೇಟೆಯ ಥಳಕಿನ ಸರಕು, ನಾಲ್ಕು ದಿನ ಬಾಳತಕ್ಕದ್ದು ಎಂದು ನಾವು ತಿಳಿದಿದ್ದೆವು. ಈ ತಿಳಿವಳಿಕೆ ಅರ್ಧ ಮಾತ್ರ ಸರಿಯೆಂಬುದನ್ನು ನಮಗೆ ಮನಗಾಣಿಸಿದವರು ಬಾದನಹಟ್ಟಿಯ ಒಬ್ಬ ವೃದ್ಧ ಬಡಗಿ. ಅವರಿಂದ ಕಲಿತದ್ದನ್ನೂ, ಆಮೇಲೆ ನಾವು ಓದಿ ವಿಚಾರಿಸಿ ತಿಳಿದದ್ದನ್ನೂ ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ಬಾದನಹಟ್ಟಿಯು ಬಳ್ಳಾರಿ ಜಿಲ್ಲೆಯ ಕುರುಗೋಡು ತಾಲ್ಲೂಕಿಗೆ ಸೇರಿದ ಗ್ರಾಮ. ಈ ಸೀಮೆಯೆಲ್ಲ ಎರೆಯ ಬಯಲು. ಅಲ್ಲಲ್ಲಿ ಬೋಳು ಕಲ್ಲುಗುಡ್ಡಗಳು. ಬೇಸಗೆಯಲ್ಲಿ ನೆಲ ಬಾಯಿಬಿಡುವಷ್ಟು ಬಿಸಿಲು. ಜೋಳವೂ ಹತ್ತಿಯೂ ಇಲ್ಲಿ ಹಿಂದಿನಿಂದ ಬಂದ ಬೆಳೆಗಳು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಕಾಲುವೆಯ ಕೆಳಗಿನ ಭೂಮಿಗಳಿಗೆ ಬತ್ತವೂ ಬಂದಿತು. ಇಂಥ ಊರುಗಳಲ್ಲಿ ಬಡಗಿಯು ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬನಾಗಿದ್ದನು. ನೇಗಿಲು, ಕುಂಟೆ, ಕೂರಿಗೆ, ಬಂಡಿ, ಬಾಗಿಲು, ತೊಟ್ಟಿಲು, ಇವೆಲ್ಲವೂ ಅವನ ಕೈಯಿಂದಲೇ ಆಗಬೇಕಾಗಿದ್ದಿತು. ಸುಗ್ಗಿಯಲ್ಲಿ ಅವನು ಕಣಕ್ಕೆ ಹೋಗಿ ತನ್ನ ಪಾಲಿನ ಕಾಳನ್ನು ಆಯವೆಂದು ತರುತ್ತಿದ್ದನು. ಕೂರಿಗೆಯ ಬಟ್ಟಲಿನ ತೂತು ಒಂದಿಷ್ಟು ಓರೆಯಾದರೆ ಒಂದು ಸಾಲಿಗೆ ಬೀಜ ಹೆಚ್ಚಾಗಿ ಮತ್ತೊಂದು ಸಾಲು ಬರಿದಾಗುವುದು. ಗಾಲಿಯ ನಡುವಿನ ಗುಂಬದಲ್ಲಿ ಅರೆಗಳು ಕೂರುವ ಕಚ್ಚು ಸಡಿಲವಾದರೆ ಹತ್ತಿಯ ಹೇರು ದಾರಿಯಲ್ಲಿಯೇ ಉರುಳುವುದು. ಈ ತೂತು, ಈ ಕಚ್ಚು, ಇವುಗಳನ್ನು ತಿದ್ದುವುದೇ ಉಳಿಯ ಕೆಲಸ. ಆದಕಾರಣ ಊರಿನ ಬೆಳೆಯು ಎಷ್ಟೋ ಮಟ್ಟಿಗೆ ಬಡಗಿಯ ಉಳಿಯ ಬಾಯಿಯನ್ನು ಅವಲಂಬಿಸಿದ್ದಿತೆಂದರೆ ಅತಿಶಯವಲ್ಲ.

ನಾವು ಆ ವೃದ್ಧರ ಮನೆಗೆ ಹೋದಾಗ ಅವರ ಉಪಕರಣಗಳ ಪೆಟ್ಟಿಗೆಯು ಮನೆಯ ಮುಂದಿನ ಕಟ್ಟೆಯ ಮೇಲೆ ಬಾಯಿ ತೆರೆದುಕೊಂಡು ಕುಳಿತಿದ್ದಿತು. ಬಾಚಿ, ಗರಗಸ, ಬೈರಿಗೆ, ಕೊಡತಿ, ಹತ್ತರಿ, ಉಳಿಗಳು ಎಲ್ಲವೂ ಅದರಲ್ಲಿದ್ದುವು. ಮಗನು ಅದನ್ನು ತೂಕದ ಮೇಲೆ ಮಾರಿಬಿಡಬೇಕೆಂದು ಹೊರಗೆ ತಂದಿಟ್ಟಿದ್ದನು. ಅವನೂ ಬಡಗಿಯೇ, ಬಳ್ಳಾರಿಯಲ್ಲಿ ಮನೆಗಳಿಗೆ ಬಾಗಿಲು ಕಿಟಕಿ ಕೂಡಿಸುವ ಕೆಲಸ ಮಾಡುವವನು. ಅವನಲ್ಲಿ ವಿದ್ಯುತ್ತಿನಿಂದ ನಡೆಯುವ ಯಂತ್ರಗಳಿದ್ದುವು. ತಂದೆಯ ಪೆಟ್ಟಿಗೆಯಿಂದ ಬರುವ ದುರ್ವಾಸನೆಯನ್ನು ಸೊಸೆಯು ಸಹಿಸಲಾರಳೆಂದೂ, ಯಾವುದೋ ಇಲಿ ಅದರಲ್ಲಿ ಸತ್ತಿರಬೇಕೆಂದೂ ಅವನು ಹೇಳಿದನು.

ಪೆಟ್ಟಿಗೆಯಲ್ಲಿ ಇಲಿ ಇರಲಿಲ್ಲ. ಉಳಿಗಳನ್ನು ಒಂದೊಂದಾಗಿ ಹೊರಗೆ ತೆಗೆದೆವು. ಒಂದು, ಊರಿನ ಕಮ್ಮಾರನು ಬಡಿದುಕೊಟ್ಟದ್ದು. ಅದಕ್ಕೆ ಜಾಲಿಯ ಹಿಡಿ. ಇನ್ನೊಂದಕ್ಕೆ ಬೆಲ್ಲದ ಪಾಕದಂತೆ ಹಳದಿಯಾಗಿ, ಬೆಳಕಿಗೆ ಹಿಡಿದರೆ ಅರೆಪಾರದರ್ಶಕವಾಗಿ ಕಾಣುವ ಹಿಡಿ. ಅದರ ಮೇಲೆ ಬೂದಿ ಬಳಿದಂತೆ ಬಿಳಿಯ ಪೊರೆ. ಮೂರನೆಯದಕ್ಕೆ ಗಾಢವಾದ ನೀಲಿಯ ಹಿಡಿ. ಅದರ ಮೂಲಕ ಬೆಳಕು ಹಾಯುತ್ತಿರಲಿಲ್ಲ. ನಾವು ಜಾಲಿಯ ಹಿಡಿಯದನ್ನು ಎತ್ತಿಕೊಂಡು, “ತಾತ, ನಿಜವಾದ ಉಳಿಯೆಂದರೆ ಇದು. ಮಿಕ್ಕವು ಪೇಟೆಯ ಸರಕಲ್ಲವೆ?” ಎಂದೆವು.

ಅವರು ನಕ್ಕರು. “ಹಿಡಿ ನೋಡಿ ಉಳಿ ಬೆಲಿ ಕಟ್ಟಬ್ಯಾಡ್ರಿ ಸ್ವಾಮಿ, ಬಾಯಿ ನೋಡ್ರಿ. ಜಾಲಿ ಗುಂಬದಾಗ ತೂತು ಹೊಡದು ಹೊಡದು ನನ್ನ ಮಕ್ಕಳ್ನ ಸಾಕಿದ್ದು ಈ ಹಳದಿ ಹಿಡೀದು. ಈಗ ಮುದಿಯಾಗೈತಿ, ಮೂಸಿ ನೋಡ್ರಿ” ಎಂದು ಅದನ್ನು ನಮ್ಮ ಮೂಗಿನ ಬಳಿಗೆ ಹಿಡಿದರು. ಪೆಟ್ಟಿಗೆಯ ದುರ್ವಾಸನೆಯೆಲ್ಲ ಅಲ್ಲಿಂದಲೇ ಬರುತ್ತಿದ್ದಿತು. ಅದು ಇಲಿಯ ವಾಸನೆಯಲ್ಲ. ಬಹುದಿನ ಇಟ್ಟು ಮರೆತ ಬೆಣ್ಣೆಯ ಕಮಟು.

ಈ ಕಮಟಿಗೆ ಕಾರಣವೇನು? ಇದನ್ನು ತಿಳಿಯಬೇಕಾದರೆ ಆ ಹಿಡಿಯು ಯಾವ ದ್ರವ್ಯದಿಂದ ಆದದ್ದೆಂಬುದನ್ನು ಮೊದಲು ತಿಳಿಯಬೇಕು.

ಪ್ಲಾಸ್ಟಿಕ್ ಎಂದೊಡನೆ ಕಲ್ಲೆಣ್ಣೆಯಿಂದ ಆದ ವಸ್ತುವೆಂದು ನಾವು ಭಾವಿಸುತ್ತೇವೆ. ಈಗಿನವು ಬಹುಪಾಲು ಹಾಗೆಯೇ ಸರಿ. ಆದರೆ ಮೊದಲಿಗೆ ಹಾಗಿರಲಿಲ್ಲ. ಗಿಡಮರಗಳ ಮೈಯಲ್ಲಿ ನಾರಿನ ರೂಪದಲ್ಲಿರುವ ಸೆಲ್ಯುಲೋಸ್ ಎಂಬ ದ್ರವ್ಯವೇ ಈ ಕುಲದ ಮೂಲಪುರುಷ. ಈ ದ್ರವ್ಯವು ಬಹಳ ಶುದ್ಧವಾಗಿ ದೊರೆಯುವುದು ಎಲ್ಲಿ ಎಂದರೆ, ಹತ್ತಿಯಲ್ಲಿ. ಹತ್ತಿಯಿಂದ ಅರಳೆಯನ್ನು ಬಿಡಿಸಿದ ಮೇಲೆಯೂ ಹತ್ತಿಕಾಳಿಗೆ ಗಿಡ್ಡನೆಯ ತುಪ್ಪಳವೊಂದು ಅಂಟಿಕೊಂಡಿರುವುದನ್ನು ಬಳ್ಳಾರಿಯ ಸೀಮೆಯ ಮಕ್ಕಳೂ ಕಂಡಿದ್ದಾರೆ. ನೂಲಲು ಬಾರದ ಆ ತುಪ್ಪಳವನ್ನು ಯಂತ್ರದಿಂದ ಕೆರೆದು ತೆಗೆದು, ರಾಸಾಯನಿಕ ಕಾರ್ಖಾನೆಗಳಿಗೆ ಮಾರುವುದುಂಟು. ಅದನ್ನಾಗಲಿ ಮರದ ತಿರುಳನ್ನಾಗಲಿ ಆಮ್ಲಗಳೊಡನೆ ಸಂಸ್ಕರಿಸಿದರೆ, ಕಾಯಿಸಿದಾಗ ಮೆತ್ತಗಾಗಿ ಆರಿದಾಗ ಗಟ್ಟಿಯಾಗುವ ಹೊಸ ಪದಾರ್ಥಗಳು ಆಗುತ್ತವೆ.

ಅಮೆರಿಕೆಯ ಹಯಟ್ ಎಂಬಾತನು 1870ರ ಹೊತ್ತಿಗೆ ಹೀಗೆಯೇ ಸೆಲ್ಯುಲಾಯ್ಡನ್ನು ಬಳಕೆಗೆ ತಂದನು. ಅದು ಬೇಗನೆ ಹೊತ್ತಿಕೊಳ್ಳುವ ವಸ್ತುವಾದುದರಿಂದ ಉಪಕರಣಗಳಿಗೆ ಅಷ್ಟಾಗಿ ಒಗ್ಗಲಿಲ್ಲ. 1907ರಲ್ಲಿ ಬೇಕ್‌ಲೆಂಡ್ ಎಂಬಾತನು ಕಂಡುಹಿಡಿದ ಬೇಕಲೈಟು ಬೆಂಕಿಗೆ ಅಂಜದು. ಆದರೆ ಸುತ್ತಿಗೆಯ ಪೆಟ್ಟಿಗೆ ಸಿಡಿಯುವುದು. ಉಳಿಯ ಹಿಡಿಗೆ ಪೆಟ್ಟು ತಿನ್ನುವುದೇ ಜನ್ಮವಲ್ಲವೆ? ಆದುದರಿಂದ ಬೇಕಾಗಿದ್ದುದು, ಪೆಟ್ಟು ಬಿದ್ದಾಗ ಸಿಡಿಯದೆ ತಾಳಿಕೊಳ್ಳುವ ದ್ರವ್ಯ. ಸೆಲ್ಯುಲೋಸ್ ಅಸಿಟೇಟ್ ಎಂಬುದರಲ್ಲಿಯೂ, ಅದರ ತಮ್ಮನಂತಿರುವ ಸೆಲ್ಯುಲೋಸ್ ಅಸಿಟೇಟ್ ಬ್ಯುಟಿರೇಟ್ ಎಂಬುದರಲ್ಲಿಯೂ ಈ ಗುಣವಿದ್ದಿತು. 1930ರ ದಶಕದಲ್ಲಿ ಅಮೆರಿಕೆಯ ಈಸ್ಟ್‌ಮನ್ ಸಂಸ್ಥೆಯು ಟೆನೈಟ್ ಎಂಬ ಹೆಸರಿನಿಂದ ಇಂಥ ದ್ರವ್ಯಗಳನ್ನು ಮಾರುತ್ತಿದ್ದಿತು. ಎರಡನೆಯ ಮಹಾಯುದ್ಧದ ಆಚೀಚಿನ ವರ್ಷಗಳಲ್ಲಿ ಉಳಿ, ತಿರುಪುಳಿಗಳಿಗೆ ಹಳದಿ, ಕೆಂಪು, ಹಸುರು ಬಣ್ಣದ ಅರೆಪಾರದರ್ಶಕ ಹಿಡಿಗಳು ಬರತೊಡಗಿದುವು. ಅಮೆರಿಕೆಯ ಸ್ಟಾನ್ಲಿ, ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದ ಮಾರ್ಪಲ್ಸ್ ಮೊದಲಾದ ಹಳೆಯ ಮನೆತನಗಳೂ ಮರದ ಹಿಡಿಯ ಜೊತೆಗೆ ಪ್ಲಾಸ್ಟಿಕ್ ಹಿಡಿಯ ಉಳಿಗಳನ್ನು ಮಾಡಿದುವು.

ಈಗ ಕಮಟಿನ ಗುಟ್ಟು ಬಿಡಿಸಬಹುದು. ಬ್ಯುಟಿರೇಟ್ ಎಂಬ ಹೆಸರಿನೊಳಗೆ ಬ್ಯುಟಿರಿಕ್ ಆಮ್ಲವು ಅಡಗಿದೆ. ಕೆಟ್ಟ ಬೆಣ್ಣೆಗೆ ಆ ನಾತವನ್ನು ಕೊಡುವುದೂ ಇದೇ ಆಮ್ಲ. ಬೆಣ್ಣೆಯಿಂದಲೇ ಅದಕ್ಕೆ ಆ ಹೆಸರು. ಹಿಡಿಯು ಹಳತಾಗಿ, ಗಾಳಿಯಾಡದ ಪೆಟ್ಟಿಗೆಯಲ್ಲಿ ಸೆಕೆಗೂ ತೇವಕ್ಕೂ ಸಿಕ್ಕಿದಾಗ ಆ ಆಮ್ಲವು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಂಡು ಹೊರಗೆ ಬರುವುದು. ಮೇಲೆ ಬಿಳಿಯ ಪೊರೆ ಕಟ್ಟುವುದು. ಬರಿಯ ಅಸಿಟೇಟ್ ಆಗಿದ್ದರೆ ಹುಳಿಹುಳಿಯಾದ ವಾಸನೆ ಬರುತ್ತದೆ. ಇದು ಇಲಿಯ ಹೆಣವೂ ಅಲ್ಲ, ಉಕ್ಕಿನ ದೋಷವೂ ಅಲ್ಲ. ಹಿಡಿಗೆ ವಯಸ್ಸಾದ ಗುರುತು ಮಾತ್ರ. ಸಾಬೂನು ಮತ್ತು ಅಡಿಗೆ ಸೋಡದ ಉಗುರುಬೆಚ್ಚಗಿನ ನೀರಿನಲ್ಲಿ ಹಿಡಿಯನ್ನು ತಿಕ್ಕಿ ತೊಳೆದು, ಒಡನೆ ಉಕ್ಕನ್ನು ಒರಸಿ ಎಣ್ಣೆ ಸವರಿ, ನೆರಳಿನಲ್ಲಿ ಗಾಳಿಗೆ ಇಟ್ಟರೆ ವಾಸನೆ ಬಹುಮಟ್ಟಿಗೆ ಅಡಗುವುದು. ಪೂರ್ತಿ ಹೋಗುವುದೆಂದು ನಾವು ಹೇಳಲಾರೆವು. ಬಣ್ಣದವರು ಬಳಸುವ ಥಿನ್ನರನ್ನೂ, ಉಗುರುಬಣ್ಣ ತೆಗೆಯುವ ದ್ರವವನ್ನೂ ಮಾತ್ರ ಅದಕ್ಕೆ ಸೋಕಿಸಬಾರದು. ಅವು ಈ ಹಿಡಿಯನ್ನೇ ಕರಗಿಸಿ ಅಂಟುಮಾಡಿಬಿಡುವುವು. ಉರಿಬಿಸಿಲಿನಲ್ಲಿ ಬಿಡುವುದೂ ಒಳ್ಳೆಯದಲ್ಲ.

ಇನ್ನು ಆ ನೀಲಿ ಹಿಡಿಯ ಮಾತು. ಅದರಂತೆ ಬೆಳಕು ಹಾಯದೆ, ಸ್ವಲ್ಪ ಮೇಣದಂತೆ ನುಣುಪಾಗಿರುವ ಹಿಡಿಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನವು. ಈ ದ್ರವ್ಯವು 1957ರಿಂದ ಈಚೆಗೆ ಕಾರ್ಖಾನೆಗಳಲ್ಲಿ ತಯಾರಾಗತೊಡಗಿದ್ದು. ಇದರ ಮೂಲ ಕಲ್ಲೆಣ್ಣೆ. ಇದಕ್ಕೆ ಕಮಟು ಬಾರದು, ಇದು ಬೇಗ ಸೀಳದು. ಹೀಗೆ ಒಂದೇ ಪೆಟ್ಟಿಗೆಯೊಳಗಿನ ಮೂರು ಉಳಿಗಳ ಹಿಡಿಗಳು ಮೂರು ಕಾಲದ ಕಥೆಯನ್ನು ಹೇಳುತ್ತಿದ್ದುವು: ಒಂದು ಹೊಲದ ಬದುವಿನ ಜಾಲಿಯದು, ಒಂದು ನಾರಿನಿಂದ ಹುಟ್ಟಿದ ಪ್ಲಾಸ್ಟಿಕ್ಕಿನದು, ಒಂದು ಕಲ್ಲೆಣ್ಣೆಯದು.

ಇಲ್ಲಿ ನಮಗೆ ತೋರಿದ ಒಂದು ಮಾತನ್ನು ಹೇಳಬೇಕು. ಬಳ್ಳಾರಿಯ ಬಯಲಿನಲ್ಲಿ ಬೆಳೆಯುವುದು ಹತ್ತಿ. ಅದಕ್ಕಾಗಿಯೂ ಜೋಳಕ್ಕಾಗಿಯೂ ಅಲ್ಲಿಗೆ ಸಮೀಪದ ಹಗರಿಯಲ್ಲಿ 1906ರಷ್ಟು ಹಿಂದೆಯೇ ಕೃಷಿ ಸಂಶೋಧನೆಯ ಕ್ಷೇತ್ರವೊಂದು ಏರ್ಪಟ್ಟಿತು. ಸೊಂಡೂರಿನ ಬೆಟ್ಟಗಳಲ್ಲಿ ದೊರೆಯುವುದು ಕಬ್ಬಿಣದ ಅದಿರು. ಆ ಹಳದಿ ಉಳಿಯ ಹಿಡಿಯು ಬಳ್ಳಾರಿಯ ಹತ್ತಿಯಿಂದಾದದ್ದೆಂದಾಗಲಿ, ಅದರ ಉಕ್ಕು ಸೊಂಡೂರಿನದೆಂದಾಗಲಿ ನಾವು ಹೇಳುತ್ತಿಲ್ಲ. ಆದರೆ ನಾವು ಪರಕೀಯವೆಂದು ಮೂಗು ಮುರಿದ ವಸ್ತುವಿನಲ್ಲಿ ಹತ್ತಿಯ ಕುಲದ ಹಿಡಿಯೂ ಅದಿರಿನ ಕುಲದ ಬಾಯಿಯೂ ಸೇರಿದ್ದುವು. ಎರಡೂ ಆ ಮಣ್ಣಿಗೆ ಹೊಸಬರಲ್ಲ. ಹೆಸರನ್ನು ಕೇಳಿ ಸ್ವದೇಶಿ ಪರದೇಶಿಯೆಂದು ವಿಂಗಡಿಸುವ ಮೊದಲು ವಸ್ತುವನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬುದನ್ನು ನಾವು ಅಲ್ಲಿ ಕಲಿತೆವು.

ಹಾಗಾದರೆ ಮರದ ಹಿಡಿ ಕೀಳೆ? ಅಲ್ಲ. ಮರದ ಹಿಡಿಗೆ ಅದರದೇ ಆದ ಗುಣವುಂಟು. ಅದು ಕೈಯ ಬೆವರನ್ನು ಹೀರುವುದು. ಹಗುರವಾಗಿರುವುದರಿಂದ ಉಳಿಯ ತೂಕ ಬಾಯಿಯ ಕಡೆಗೆ ನಿಲ್ಲುವುದು. ಒಡೆದರೆ ಊರಿನಲ್ಲಿಯೇ ಒಂದು ತುಂಡು ಜಾಲಿಯಿಂದ ಹೊಸದನ್ನು ಮಾಡಿಕೊಳ್ಳಬಹುದು. ಆದರೆ ಬಳ್ಳಾರಿಯ ಬೇಸಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ. ಹಿಡಿಯ ಕೊರಳಿನ ಲೋಹದ ಬಳೆ ಸಡಿಲವಾಗಿ ಕಳಚುತ್ತದೆ. ಮಳೆಗಾಲದಲ್ಲಿ ಅದೇ ಮರ ಉಬ್ಬುತ್ತದೆ. ಮೇಲಾಗಿ ನಮ್ಮ ಬಡಗಿಗಳಲ್ಲಿ ಅನೇಕರು ಕೊಡತಿಯ ಬದಲು ಕಬ್ಬಿಣದ ಸುತ್ತಿಗೆಯಿಂದಲೇ ಹೊಡೆಯುವುದುಂಟು. ಆಗ ಮರದ ಹಿಡಿಯ ತಲೆ ಜಜ್ಜಿ ನಾರುನಾರಾಗುವುದು. ಗಟ್ಟಿಯಾದ ಜಾಲಿಯಲ್ಲಿ ಆಳವಾದ ತೂತು ಹೊಡೆಯುವವನಿಗೆ ಪ್ಲಾಸ್ಟಿಕ್ ಹಿಡಿ ಏಕೆ ಹಿಡಿಸಿತೆಂಬುದು ಇದರಿಂದ ತಿಳಿಯುತ್ತದೆ. ಆದರೆ ಅದಕ್ಕೂ ಒಂದು ಕೊರತೆಯುಂಟು: ಒಡೆದರೆ ಊರಿನಲ್ಲಿ ಅದನ್ನು ಮತ್ತೆ ಮಾಡಲಾಗದು, ಬೆವರಿದ ಕೈಗೆ ಜಾರುವುದು. ಎರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆಗೆ ಕೆಲಸವೇ ಉತ್ತರ ಕೊಡಬೇಕು. ನಯವಾಗಿ ಕೈಯಿಂದ ಕೆತ್ತುವುದಕ್ಕೆ ಮರದ ಹಿಡಿ. ಪೆಟ್ಟಿನ ಕೆಲಸಕ್ಕೆ ಪ್ಲಾಸ್ಟಿಕ್. ಆ ವೃದ್ಧರು ಎರಡನ್ನೂ ಇಟ್ಟುಕೊಂಡಿದ್ದುದು ಇದಕ್ಕಾಗಿಯೇ.

ಹಿಡಿಯ ಮಾತು ಹೀಗಾಯಿತು. ಉಳಿಯ ಬೆಲೆ ಇರುವುದು ಬಾಯಿಯಲ್ಲಿ ಎಂದು ಅವರು ಹೇಳಿದರಷ್ಟೆ. ಅದನ್ನು ಪರೀಕ್ಷಿಸುವುದು ಹೇಗೆ? ಒಳ್ಳೆಯ ಉಳಿಯ ಉಕ್ಕಿನಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಇಂಗಾಲವಿರುತ್ತದೆ. ಅದನ್ನು ಕೆಂಪಗೆ ಕಾಯಿಸಿ ತಟ್ಟನೆ ಎಣ್ಣೆಯಲ್ಲಿಯೋ ನೀರಿನಲ್ಲಿಯೋ ಅದ್ದಿದರೆ ಗಾಜಿನಂತೆ ಗಡುಸಾಗುವುದು. ಹಾಗೆಯೇ ಬಿಟ್ಟರೆ ಪೆಟ್ಟಿಗೆ ಮುರಿಯುವುದು. ಆದುದರಿಂದ ಮತ್ತೆ ಹದವಾಗಿ, ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸುತ್ತಾರೆ. ಆಗ ಉಜ್ಜಿದ ಉಕ್ಕಿನ ಮೈಮೇಲೆ ಜೋಳದ ಒಣದಂಟಿನ ಬಣ್ಣ ತೋರುವುದು. ಆ ಬಣ್ಣವನ್ನು ಕಂಡೊಡನೆ ನಿಲ್ಲಿಸುವುದೇ ಕಮ್ಮಾರನ ಜಾಣ್ಮೆ. ನಮ್ಮವರು ಇದನ್ನು ಹದವೆಂದು ಕರೆದರು. ಉಕ್ಕಿನ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ದಕ್ಷಿಣ ಹಿಂದೂಸ್ಥಾನದ ಉಕ್ಕಿನ ಮಾದರಿಗಳನ್ನು ತರಿಸಿಕೊಂಡು ಪರೀಕ್ಷಿಸಿದರು. ಅದನ್ನು ಅವರು ‘ವೂಟ್ಸ್’ ಎಂದು ಕರೆದರು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದಿರಬೇಕೆಂದು ಅನೇಕ ಪಂಡಿತರ ಎಣಿಕೆ.

ಹಳೆಯ ಉಳಿಯು ಕೈಗೆ ಸಿಕ್ಕಾಗ ಅದರ ಬಾಯಿಯ ಬಳಿ ಅರದಿಂದ ಮೆಲ್ಲಗೆ ಒಂದು ಸಲ ಎಳೆಯಿರಿ. ಅರವು ಕಚ್ಚದೆ ಜಾರಿದರೆ ಉಕ್ಕು ಗಡುಸಾಗಿದೆಯೆಂದು ತಿಳಿಯಬೇಕು. ಸುಲಭವಾಗಿ ತಿಂದರೆ ಹದ ಹೋಗಿದೆ. ಅಲಗಿನ ಬೆನ್ನು ಚಪ್ಪಟೆಯಾಗಿದೆಯೆ, ಅಲ್ಲಿ ತುಕ್ಕಿನ ಆಳವಾದ ಗುಳಿಗಳಿವೆಯೆ, ನೋಡಿರಿ. ಬೆನ್ನು ಚೆನ್ನಾಗಿದ್ದರೆ ಬಾಯಿಯನ್ನು 25ರಿಂದ 30 ಡಿಗ್ರಿಯ ಓರೆಗೆ ಸಾಣೆ ಹಿಡಿಯಬಹುದು. ತಿರುಗುವ ಸಾಣೆಗೆ ಕೊಡುವುದಾದರೆ ಅಡಿಗಡಿಗೆ ನೀರಿನಲ್ಲಿ ಅದ್ದಬೇಕು. ಅಂಚು ನೀಲಿಗಟ್ಟಿದರೆ ಹದವು ಅಲ್ಲಿಗೆ ಮುಗಿಯಿತು. ಇಷ್ಟು ಮಾಡಿದರೆ, ಗುಜರಿಗೆ ಹೊರಟಿದ್ದ ಉಳಿಯು ಇನ್ನೊಂದು ತಲೆಮಾರು ಬಾಳುವುದು. ಹಿಡಿಯು ಪೂರ್ತಿ ಒಡೆದಿದ್ದರೆ ಅದನ್ನು ಎಚ್ಚರದಿಂದ ಸೀಳಿ ತೆಗೆದು, ಒಳಗಿನ ಬಾಲಕ್ಕೆ ಜಾಲಿಯದೋ ಹುಣಿಸೆಯದೋ ಹೊಸ ಹಿಡಿಯನ್ನು ಬಳೆಸಹಿತ ಕೂಡಿಸಬಹುದು.

ಆ ದಿನ ಇಷ್ಟನ್ನೆಲ್ಲ ಹೇಳುವ ತಿಳಿವು ನಮ್ಮಲ್ಲಿರಲಿಲ್ಲ. ಆ ವೃದ್ಧರು ಮಾತ್ರ ಹಳದಿ ಹಿಡಿಯ ಉಳಿಯನ್ನು ಕಲ್ಲಿನ ಮೇಲೆ ಹತ್ತು ಸಲ ಎಳೆದು, ತಮ್ಮ ಮುಂಗೈಯ ಕೂದಲನ್ನು ಅದರಿಂದ ಹೆರೆದು ಮಗನಿಗೆ ತೋರಿಸಿದರು. ಮಗನು ಮಾತನಾಡಲಿಲ್ಲ. ಅವನದೂ ತಪ್ಪೆನ್ನಲಾಗದು. ಬಂಡಿಯ ಬದಲು ಟ್ರಾಕ್ಟರು ಬಂದಿದೆ. ಮರದ ಕೂರಿಗೆಯ ಬದಲು ಕಬ್ಬಿಣದ್ದು ಬಂದಿದೆ. ಕಣದ ಆಯವು ಕಥೆಯಾಗಿದೆ. ದಿನದ ಕೂಲಿಗೆ ದಿನದ ಕೆಲಸ ಮುಗಿಸಬೇಕಾದವನಿಗೆ ಯಂತ್ರವೇ ಅನ್ನ. ತಂದೆಯ ಪೆಟ್ಟಿಗೆಯನ್ನು ಪೂಜೆಗೆಂದು ಇಟ್ಟುಕೊಳ್ಳಲು ಎರಡು ಕೋಣೆಯ ಮನೆಯಲ್ಲಿ ಎಡೆಯೆಲ್ಲಿ?

ನಾವು ಹಿಂದಿರುಗಿ ಬಂದು, ಪುಸ್ತಕಗಳನ್ನು ನೋಡಿ, ಕಮಟು ಹೋಗಲಾಡಿಸುವ ಬಗೆಯನ್ನು ತಿಳಿದುಕೊಂಡು, ಕೆಲವು ತಿಂಗಳ ಮೇಲೆ ಮತ್ತೆ ಬಾದನಹಟ್ಟಿಗೆ ಹೋದೆವು. ಕಟ್ಟೆಯ ಮೇಲೆ ಪೆಟ್ಟಿಗೆ ಇರಲಿಲ್ಲ. “ತಾತ, ಪೆಟ್ಟಿಗೆಯೆಲ್ಲಿ?” ಎಂದು ಕೇಳಿದೆವು. “ತೂಕಕ್ಕ ಹೋತು ಸ್ವಾಮಿ” ಎಂದರು. ನಾವು ಹೊಗಳಿದ ಜಾಲಿ ಹಿಡಿಯ ಉಳಿಯೂ, ನೀಲಿಯದೂ, ಬಾಚಿಯೂ, ಬೈರಿಗೆಯೂ ಎಲ್ಲವೂ ಕಬ್ಬಿಣದ ಬೆಲೆಗೆ ಹೋಗಿದ್ದುವು. ಆ ಕಮ್ಮಾರನು ಈಗಿಲ್ಲ. ಅಂಥ ಉಳಿಯನ್ನು ಅಲ್ಲಿ ಇನ್ನೊಬ್ಬರು ಬಡಿದುಕೊಡಲಾರರು. ನಮ್ಮ ಸೋಡದ ಚಿಕಿತ್ಸೆಯು ತಡವಾಗಿ ಬಂದಿದ್ದಿತು.

ಅಷ್ಟರಲ್ಲಿ ಮಗನು ಕೆಲಸದಿಂದ ಬಂದನು. ಅವನ ಯಂತ್ರಗಳ ಚೀಲದೊಳಗಿಂದ, ಹಳೆಯ ಬಟ್ಟೆಯಲ್ಲಿ ಸುತ್ತಿದ ಹಳದಿ ಹಿಡಿಯ ಉಳಿಯನ್ನು ತೆಗೆದು ತೋರಿಸಿದನು. ಯಂತ್ರವು ಕೊರೆದ ಕಚ್ಚಿನ ಮೂಲೆಗಳು ದುಂಡಗೆ ಉಳಿಯುತ್ತವೆಂದೂ, ತಿರುಗಣೆಯ ತಗಡು ಬಾಗಿಲಿನ ಅಂಚಿನಲ್ಲಿ ಸಮವಾಗಿ ಕೂರಬೇಕಾದರೆ ಆ ಮೂಲೆಗಳನ್ನು ಉಳಿಯಿಂದಲೇ ಚೌಕಮಾಡಬೇಕೆಂದೂ ಅವನು ಹೇಳಿದನು. “ನಾತ ಐತ್ರಿ, ಆದ್ರ ಬಾಯಿ ಬಿಡಂಗಿಲ್ಲ” ಎಂದನು. ನಾವು ತಂದಿದ್ದ ಸೋಡದ ಪೊಟ್ಟಣವನ್ನು ಸೊಸೆಯ ಕೈಗೆ ಕೊಟ್ಟೆವು.

ಶ್ರೋತೃಗಳೇ, ನಿಮ್ಮ ಮನೆಯ ಅಟ್ಟದ ಮೇಲೆಯೋ ಮಂಚದ ಕೆಳಗೋ ಇಂಥದೊಂದು ಪೆಟ್ಟಿಗೆ ಇದ್ದರೂ ಇರಬಹುದು. ಅದನ್ನೆಲ್ಲ ಉಳಿಸಿಕೊಳ್ಳಿರೆಂದು ನಾವು ಹೇಳುವುದಿಲ್ಲ. ಅದು ಎಲ್ಲರಿಗೂ ಸಾಧ್ಯವಲ್ಲ. ತೂಕಕ್ಕೆ ಹಾಕುವ ಮೊದಲು ಅದನ್ನು ಬಳಸಿದವರು ಬದುಕಿದ್ದರೆ, ಅವರನ್ನು ಹತ್ತಿರ ಕೂಡಿಸಿಕೊಂಡು, ಯಾವ ಉಳಿಯಿಂದ ಯಾವ ಕೆಲಸ ಮಾಡಿದಿರಿ ಎಂದು ಒಂದು ಸಾಯಂಕಾಲ ಕೇಳಿರಿ. ಹಿಡಿಯ ಬಣ್ಣವನ್ನೂ ಅದರ ವಾಸನೆಯನ್ನೂ ಕಂಡು ತಳ್ಳಿಬಿಡದೆ ಬಾಯಿಗೆ ಅರವನ್ನು ಸೋಕಿಸಿ ನೋಡಿರಿ. ಒಳ್ಳೆಯದಾಗಿ ಕಂಡ ಒಂದೆರಡನ್ನು ಇಟ್ಟುಕೊಳ್ಳಿರಿ, ಇಲ್ಲವೆ ಕೆಲಸ ಕಲಿಯುತ್ತಿರುವ ಹುಡುಗನೊಬ್ಬನಿಗೆ ಕೊಡಿರಿ. ತಕ್ಕಡಿಗೆ ತಿಳಿಯುವುದು ಭಾರ ಮಾತ್ರ. ಹದವನ್ನು ಅರಿಯುವುದು ಕೈ.